ಈರುಳ್ಳಿಯ ಬೇರಿನಡಿಯಲ್ಲಿ

ಮೂವತ್ತು ವರ್ಷಗಳಿಗೂ ಮಿಗಿಲಾಗಿ ನಾವು ಶಾಲೆಯಲ್ಲಿ ಸಂಸ್ಕೃತವನ್ನು ಪಾಠ ಹೇಳಿದೆವು. ವೃಕ್ಷಕ್ಕೆ ಅಮರಸಿಂಹನು ಕೊಟ್ಟಿರುವ ಹೆಸರುಗಳಲ್ಲಿ ‘ಪಾದಪ’ ಎಂಬುದೊಂದು. ಪಾದದಿಂದ ಕುಡಿಯುವುದರಿಂದ ಅದಕ್ಕೆ ಆ ಹೆಸರು. ವರ್ಷವರ್ಷವೂ ಬಂದ ಮಕ್ಕಳಿಗೆ ಈ ವ್ಯುತ್ಪತ್ತಿಯನ್ನು ಬಿಡಿಸಿ ಹೇಳಿ, ಒಂದು ಪದದೊಳಗೆ ಎಷ್ಟು ಶಾಸ್ತ್ರ ಅಡಗಿದೆ ನೋಡಿರೆಂದು ನಾವು ಹಿಗ್ಗುತ್ತಿದ್ದುದುಂಟು. ಆ ಮಾತು ಸುಳ್ಳಲ್ಲ. ಆದರೆ ಅರ್ಧ ಮಾತು. ಉಳಿದರ್ಧವು ನಮಗೆ ತಿಳಿದುಬಂದದ್ದು ಅರವತ್ತನೆಯ ವಯಸ್ಸಿನಲ್ಲಿ, ಸಮುದ್ರದಾಚೆಯ ಒಂದು ಹುಲ್ಲುಗಾವಲಿನಲ್ಲಿ. ಅದೂ ಮಡಿವಂತರು ಮೂಗು ಮುಚ್ಚಿಕೊಳ್ಳುವ ಈರುಳ್ಳಿಯ ದೆಸೆಯಿಂದ. ಆ ಸಂಗತಿಯನ್ನು ವಾಚಕರ ಮುಂದಿಡಬೇಕೆಂಬುದೇ ಈ ಲೇಖನದ ಉದ್ದೇಶ.

ನಮ್ಮ ಮಗಳೂ ಅಳಿಯನೂ ಅಮೆರಿಕದ ಉತ್ತರ ಕ್ಯಾರೊಲೈನಾ ಸಂಸ್ಥಾನದ ಡರ್ಹಮ್ ಎಂಬ ಊರಿನಲ್ಲಿ ನೆಲಸಿದ್ದಾರೆ. ಮೊಮ್ಮಗನನ್ನು ನೋಡಿ ಬರೋಣವೆಂದು ಹಿಂದಿನ ಫಾಲ್ಗುಣದಲ್ಲಿ ನಾವು ದಂಪತಿಗಳು ಅಲ್ಲಿಗೆ ಹೊರಟೆವು. ಹೊರಡುವಾಗ ಮನಸ್ಸಿನ ಮೇಲೆ ಒಂದು ಭಾರವಿತ್ತು. ಸಾಗರದ ಸೀಮೆಯಲ್ಲಿ ನಮಗೂ ನಮ್ಮ ತಮ್ಮನಿಗೂ ಸೇರಿದ 2½ ಎಕರೆ ಬೇಣವುಂಟು. ಮರ ವಿರಳವಾಗಿ, ಹುಲ್ಲು ಸಮೃದ್ಧವಾಗಿ ಬೆಳೆಯುವ ಗುಡ್ಡದ ನೆಲವನ್ನು ನಮ್ಮ ಕಡೆ ಬೇಣವೆನ್ನುತ್ತಾರೆ. ಅಜ್ಜನ ಕಾಲದಿಂದ ಅದಕ್ಕೆ ನೇಗಿಲು ಸೋಕಿಲ್ಲ. ಹಿಂದೆ ಕೊಟ್ಟಿಗೆಯ ತುಂಬ ದನಗಳಿದ್ದಾಗ ಅದರ ಹುಲ್ಲು ಸಾಲದೆ ಬರುತ್ತಿತ್ತು. ಈಗ ಎರಡೇ ಹಸುಗಳು. ತಮ್ಮನು ಅದನ್ನು ಯಂತ್ರದಿಂದ ಮೆಟ್ಟಿಲು ಮೆಟ್ಟಿಲಾಗಿ ಕಡಿಸಿ ಅಡಕೆಯ ಸಸಿ ಇಡಬೇಕೆಂದಿದ್ದನು. ಮಗನ ಓದಿಗಾಗಿ ಮಾಡಿದ ಸಾಲ ಅವನ ತಲೆಯ ಮೇಲಿತ್ತು. ಅವನ ಮಾತಿನಲ್ಲಿ ನ್ಯಾಯವಿತ್ತು. “ಬರಿಯ ಹುಲ್ಲು ತಾನೆ, ಯುಗಾದಿಯ ಹೊತ್ತಿಗೆ ಒಪ್ಪಿಗೆ ತಿಳಿಸುತ್ತೇವೆ” ಎಂದು ಹೇಳಿ ನಾವು ವಿಮಾನ ಹತ್ತಿದೆವು.

ಡರ್ಹಮ್ ಊರು ಹೊಗೆಸೊಪ್ಪಿನ ವ್ಯಾಪಾರದಿಂದ ಬೆಳೆದದ್ದು. ಆ ವ್ಯಾಪಾರದಲ್ಲಿ ಧನಿಕನಾದ ಜೇಮ್ಸ್ ಡ್ಯೂಕ್ ಎಂಬವನು 1924ರಲ್ಲಿ ಕೊಟ್ಟ ದೊಡ್ಡ ದತ್ತಿಯಿಂದಲೇ ಅಲ್ಲಿಯ ಡ್ಯೂಕ್ ವಿಶ್ವವಿದ್ಯಾನಿಲಯಕ್ಕೆ ಆ ಹೆಸರು ಬಂದಿತು. ಪಡುವಣ ದಿಕ್ಕಿನ ಅಪಲೇಚಿಯನ್ ಬೆಟ್ಟಗಳಿಗೂ ಮೂಡಣ ಕಡಲ ತಡಿಗೂ ನಡುವೆ ಇರುವ ಆ ಸೀಮೆಗೆ ಪೀಡ್ಮಾಂಟ್, ಎಂದರೆ ಗಿರಿಪಾದ, ಎಂದು ಹೆಸರು. ವಿಮಾನವು ಕೆಳಗಿಳಿಯುತ್ತಿರುವಾಗ, ಮನೆ ಕಟ್ಟಲು ಅಗೆದಿದ್ದ ನೆಲವನ್ನು ಕಂಡು ನಮ್ಮ ಮನೆಯವರು, “ಇದೇನು, ಇಷ್ಟು ದೂರ ಬಂದು ನಮ್ಮ ಊರಿಗೇ ಇಳಿಯುತ್ತಿದ್ದೇವೆಯೆ?” ಎಂದು ಕೇಳಿದರು. ಅವರು ಹಾಗೆ ಕೇಳಿದ್ದು ಸಹಜವೇ. ಅಲ್ಲಿಯ ಮಣ್ಣು ನಮ್ಮ ಮಲೆನಾಡಿನ ಮಣ್ಣಿನಂತೆಯೇ ಕೆಂಪು. ಬಹುಕಾಲದ ಮಳೆಗೆ ಸಾರವೆಲ್ಲ ತೊಳೆದುಹೋಗಿ ಕಬ್ಬಿಣದ ತುಕ್ಕು ಉಳಿದುಕೊಂಡ ಜೇಡಿ.

ಮಾರ್ಚಿ ತಿಂಗಳ ಆರಂಭ. ಚಳಿ ಇನ್ನೂ ಬಿಟ್ಟಿರಲಿಲ್ಲ. ಮನೆಮನೆಯ ಮುಂದೆಯೂ ಹುಲ್ಲಿನ ಅಂಗಳ. ಆ ಹುಲ್ಲು ಒಣಗಿ ಹೊಂಬಣ್ಣ ತಾಳಿತ್ತು. ಬಾಗಿ ಕಿತ್ತು ನೋಡಿದರೆ ನಮ್ಮ ಗರಿಕೆ! ಗಣಪತಿಗೆ ನಾವು ಏರಿಸುವ ದೂರ್ವೆಯನ್ನೇ ಅವರು ಬರ್ಮುಡಾ ಹುಲ್ಲೆಂದು ಕರೆದು ಅಂಗಳಕ್ಕೆ ಹಾಸಿದ್ದಾರೆ. ಚಳಿಗಾಲದಲ್ಲಿ ಅದು ಮಲಗಿಬಿಡುತ್ತದೆ. ಆ ಒಣಹಾಸಿನ ನಡುನಡುವೆ ಅಲ್ಲೊಂದು ಇಲ್ಲೊಂದು ಕಡುಹಸುರಾದ ಎಳೆಗಳ ಜುಟ್ಟು ಎದ್ದು ನಿಂತಿತ್ತು. ಪಕ್ಕದ ಮನೆಯವರು ಹುಲ್ಲು ಕತ್ತರಿಸುವ ಯಂತ್ರವನ್ನು ಓಡಿಸುತ್ತಲೇ ಬೀದಿಗೆ ಬೀದಿಯೇ ಈರುಳ್ಳಿಯ ಒಗ್ಗರಣೆಯಂತೆ ಘಮ್ಮೆಂದಿತು. ಮೊಮ್ಮಗನು, “ತಾತ, ಇದು ಕಾಡು ಈರುಳ್ಳಿ, ಯಾರೂ ನೆಟ್ಟದ್ದಲ್ಲ” ಎಂದನು.

ನಮ್ಮ ಹಳ್ಳಿಗಳಲ್ಲಿ ಕಾಡೀರುಳ್ಳಿಯೆಂದೂ ನಿಘಂಟುಗಳಲ್ಲಿ ವನಪಲಾಂಡುವೆಂದೂ ಹೇಳುವ ವಿಷದ ಗಿಡ ಬೇರೆ. ವಾಚಕರು ಅದನ್ನು ಇದರೊಡನೆ ಬೆರಸಬಾರದು. ಡರ್ಹಮಿನದು ಈರುಳ್ಳಿ ಬೆಳ್ಳುಳ್ಳಿಗಳ ಖಾಸಾ ದಾಯಾದಿ. ಶಾಸ್ತ್ರಜ್ಞರು ಆಲಿಯಂ ವಿನಿಯಾಲೆ ಎನ್ನುತ್ತಾರೆ. ಅದರ ಹುಟ್ಟೂರು ಅಮೆರಿಕವಲ್ಲ. ಯೂರೋಪಿನಿಂದ ವಲಸೆ ಬಂದವರ ಹಿಂದೆ ತಾನೂ ಕಡಲು ದಾಟಿ ಬಂದದ್ದು. ಶರತ್ಕಾಲದಲ್ಲಿ ಚಿಗುರಿ, ಚಳಿಗಾಲವೆಲ್ಲ ಹಸುರಾಗಿದ್ದು, ಬೇಸಗೆಯ ಮೊದಲಲ್ಲಿ ದಂಟಿನ ತುದಿಯಲ್ಲಿ ಪುಟ್ಟಪುಟ್ಟ ಮರಿಗಡ್ಡೆಗಳನ್ನು ಹೊತ್ತು, ಅವನ್ನು ಉದುರಿಸಿ ತಾನು ಒಣಗುತ್ತದೆ. ಹಸು ಅದನ್ನು ಮೇಯ್ದರೆ ಹಾಲಿಗೆ ನಾತ. ಆ ಮರಿಗಡ್ಡೆ ಗೋಧಿಯೊಡನೆ ಬೆರೆತರೆ ಹಿಟ್ಟಿಗೆ ನಾತ. ಆದ್ದರಿಂದ ರೈತರಿಗೆ ಅದು ಬೇಡವಾದ ಕಳೆ.

ಅಳಿಯನ ಪರಿಚಿತರೊಬ್ಬರು ಅಲ್ಲಿಯ ಒಂದು ಕಾಲೇಜಿನಲ್ಲಿ ಮಣ್ಣಿನ ಶಾಸ್ತ್ರವನ್ನು ಬೋಧಿಸುತ್ತಾರೆ. ನಮಗಿಂತ ಕಿರಿಯರು; ಆದರೂ ಉಪಾಧ್ಯಾಯರು ಎಲ್ಲಿಯವರಾದರೂ ಒಂದೇ ಕುಲದವರಷ್ಟೆ. ಒಂದು ಭಾನುವಾರ ಅವರು ನಮ್ಮನ್ನು ಊರ ಹೊರಗಿನ ಒಂದು ಹಳೆಯ ಹುಲ್ಲುಗಾವಲಿಗೆ ಕರೆದುಕೊಂಡು ಹೋದರು. ಹಿಂದೆ ಯಾರೋ ಉತ್ತು ಬಿತ್ತಿ, ಅನಂತರ ಕೈಬಿಟ್ಟ ಹೊಲವದು. ಸುತ್ತಲೂ ಪೈನ್ ಮರಗಳು. ಅವರು ಮೊಣಕಾಲೂರಿ ಒಂದು ಈರುಳ್ಳಿಯ ಬುಡವನ್ನು ಮಣ್ಣುಸಹಿತ ಎತ್ತಿ ನೀರಿನಲ್ಲಿ ಅಲುಬಿ ನಮ್ಮ ಅಂಗೈಮೇಲಿಟ್ಟರು.

“ಏನು ಕಾಣುತ್ತದೆ?” ಎಂದು ಕೇಳಿದರು.

ಕಡಲೆಕಾಳಿನಷ್ಟು ಗಡ್ಡೆ, ಅದರಡಿಯಲ್ಲಿ ಬಿಳಿಯ ದಾರದಂತಹ ಕೆಲವು ಬೇರುಗಳು. ಹುಲ್ಲಿನ ಬೇರಾದರೆ ಕವಲೊಡೆದು ಕೂದಲಿನಂತೆ ಹರಡಿರುತ್ತದೆ. ಈರುಳ್ಳಿಯ ಬೇರಿಗೆ ಕವಲು ಕಡಿಮೆ, ಬೇರುಗೂದಲು ಇನ್ನೂ ಕಡಿಮೆ. ಇಷ್ಟು ಬಡವಾದ ಪಾದದಿಂದ ಈ ಕೆಂಪು ಜೇಡಿಯಲ್ಲಿ ಅದು ಏನನ್ನು ಕುಡಿದೀತು? ನಾವು ಪಾದಪವೆಂಬ ಪದವನ್ನು ಅವರಿಗೆ ವಿವರಿಸಿ ಈ ಸಂದೇಹವನ್ನು ಹೇಳಿದೆವು. ಅವರು ನಕ್ಕು, “ನಾಳೆ ನನ್ನ ಪ್ರಯೋಗಶಾಲೆಗೆ ಬನ್ನಿ, ಅದು ಯಾರ ಪಾದದಿಂದ ಕುಡಿಯುತ್ತದೆಂದು ತೋರಿಸುತ್ತೇನೆ” ಎಂದರು.

ಮರುದಿನ ಕಂಡದ್ದನ್ನು ನಾವು ಬದುಕಿರುವವರೆಗೆ ಮರೆಯಲಾರೆವು. ಅವರು ಬೇರಿನ ತುಣುಕುಗಳನ್ನು ಒಂದು ಕ್ಷಾರದ ನೀರಿನಲ್ಲಿ ಬೇಯಿಸಿ ಗಾಜಿನಂತೆ ತಿಳಿಯಾಗಿಸಿದ್ದರು. ಆಮೇಲೆ ಒಂದು ಬಟ್ಟಲಿಗೆ ಅಡಿಗೆಯ ವಿನೆಗರನ್ನು ಹೊಯ್ದು, ಅದಕ್ಕೆ ಬರೆಯುವ ಪೆನ್ನಿನ ಶಾಯಿಯನ್ನು ಬೆರಸಿ, ಬೇರನ್ನು ಅದರಲ್ಲಿ ಮೂರು ನಿಮಿಷ ಕುದಿಸಿ ತೊಳೆದರು. 1998ರಲ್ಲಿ ಪ್ರಕಟವಾದ ಸುಲಭೋಪಾಯವಂತೆ ಇದು. ಜೀವಮಾನವೆಲ್ಲ ಶಾಯಿಯಿಂದ ಮಕ್ಕಳ ತಪ್ಪುಗಳನ್ನು ಗುರುತು ಹಾಕುತ್ತಿದ್ದ ನಾವು, ಅದೇ ಶಾಯಿ ನಮ್ಮ ತಪ್ಪನ್ನು ತೋರಿಸಿಕೊಡುವುದನ್ನು ಸೂಕ್ಷ್ಮದರ್ಶಕದ ಮುಂದೆ ಕುಳಿತು ನೋಡಿದೆವು. ಬೇರಿನ ಗೋಡೆಯನ್ನು ಹೊಕ್ಕು ನೀಲಿಯ ನೂಲುಗಳು ಓಡುತ್ತಿದ್ದುವು. ಅವು ಬೇರಿನ ಒಂದೊಂದು ಜೀವಕೋಶದ ಒಳಗೂ ಕವಲೊಡೆದು, ಎಲೆಯುದುರಿದ ಪುಟ್ಟ ಮರದಂತೆ ನಿಂತಿದ್ದುವು. ಈರುಳ್ಳಿಯ ಬೇರಿನೊಳಗೆ ಒಂದು ಕಾಡೇ ಇತ್ತು!

ಆ ನೂಲು ಈರುಳ್ಳಿಯದಲ್ಲ, ಒಂದು ಶಿಲೀಂಧ್ರದ್ದು. ಹೀಗೆ ಬೇರೂ ಶಿಲೀಂಧ್ರವೂ ಕೂಡಿದ ಅಂಗಕ್ಕೆ ಜರ್ಮನಿಯ ಆಲ್ಬರ್ಟ್ ಫ್ರಾಂಕ್ ಎಂಬ ಪಂಡಿತನು 1885ರಲ್ಲಿ ಮೈಕೊರೈಜಾ ಎಂದು ಹೆಸರಿಟ್ಟನು. ಶಿಲೀಂಧ್ರಮೂಲವೆಂದು ನಾವು ಸಂಸ್ಕೃತದಲ್ಲಿ ಹೇಳಬಹುದು. ಅದರಲ್ಲಿ ಹಲವು ಜಾತಿಗಳುಂಟು. ಈರುಳ್ಳಿಯಲ್ಲಿರುವ ಜಾತಿಯವು ನೆಲದ ಮೇಲೆ ನಾಯಿಕೊಡೆಯನ್ನು ಎಬ್ಬಿಸುವುದಿಲ್ಲ. ಹುಟ್ಟು, ಬಾಳು, ಸಾವು ಎಲ್ಲವೂ ಮಣ್ಣಿನಲ್ಲಿಯೇ. ಭೂಮಿಯ ಗಿಡಗಳ ಜಾತಿಗಳಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚಿನವು ಈ ಬಗೆಯ ಸಖ್ಯದಲ್ಲಿವೆ. ಸ್ಕಾಟ್‌ಲೆಂಡಿನ ರೈನಿ ಎಂಬಲ್ಲಿ 40 ಕೋಟಿ ವರ್ಷಗಳಷ್ಟು ಹಳೆಯ ಕಲ್ಲಿನಲ್ಲಿ ಸಿಕ್ಕಿದ ಗಿಡಗಳೊಳಗೂ ಇವೇ ಪುಟ್ಟ ಮರಗಳು ಕಂಡಿವೆ. ಆ ಗಿಡಗಳಿಗೆ ನಿಜವಾದ ಬೇರು ಇನ್ನೂ ಮೂಡಿರಲಿಲ್ಲ. ಎಂದರೆ, ಪಾದ ಹುಟ್ಟುವ ಮೊದಲೇ ಈ ಗೆಳೆಯನು ಬಂದಿದ್ದನು!

ಇವರ ವ್ಯವಹಾರವನ್ನು ಗೃಹಸ್ಥರಾದ ವಾಚಕರು ಸುಲಭವಾಗಿ ತಿಳಿಯಬಹುದು. ಗಿಡಕ್ಕೆ ರಂಜಕ ಬೇಕು. ಕೆಂಪು ಮಣ್ಣಿನಲ್ಲಿ ರಂಜಕವು ಇಲ್ಲದಿಲ್ಲ. ಆದರೆ ಕಬ್ಬಿಣವು ಅದನ್ನು ಜಿಪುಣನ ಪೆಟ್ಟಿಗೆಯಂತೆ ಬಿಗಿಹಿಡಿದಿರುತ್ತದೆ. ನೀರಿನೊಡನೆ ಅದು ಸುಲಭವಾಗಿ ಹರಿದು ಬರುವುದಿಲ್ಲ. ಬೇರು ತನ್ನ ಮೈಗೆ ತಗಲಿದಷ್ಟನ್ನು ಹೀರಿಬಿಟ್ಟರೆ ಸುತ್ತಲೂ ಒಂದೆರಡು ಮಿಲಿಮೀಟರು ಬರಿದಾಗುತ್ತದೆ, ಅದರಾಚೆಯದು ಕೈಗೆಟುಕದು. ಶಿಲೀಂಧ್ರದ ನೂಲು ಬೇರಿಗಿಂತ ಎಷ್ಟೋ ಪಟ್ಟು ಸಣ್ಣ. ಬೇರು ನುಗ್ಗಲಾರದ ಸಂದಿಯಲ್ಲಿ ನುಗ್ಗಿ, ಕೆಲವು ಸೆಂಟಿಮೀಟರು ದೂರದಿಂದಲೂ ರಂಜಕವನ್ನು ತಂದು ಕೊಡುತ್ತದೆ. ಇಂಗ್ಲೆಂಡಿನ ಸ್ಯಾಂಡರ್ಸ್ ಮತ್ತು ಟಿಂಕರ್ ಎಂಬವರು 1971ರಲ್ಲಿ ಗುರುತು ಹಚ್ಚಿದ ರಂಜಕವನ್ನು ಮಣ್ಣಿಗೆ ಬೆರಸಿ ಈ ಸಂಗತಿಯನ್ನು ಪರೀಕ್ಷಿಸಿದರು. ಅವರು ಆರಿಸಿಕೊಂಡ ಗಿಡವೂ ಈರುಳ್ಳಿಯೇ. ಕೈಲಾಗದ ಬೇರುಳ್ಳದ್ದರಲ್ಲಿ ಗೆಳೆಯನ ಉಪಕಾರ ಚೆನ್ನಾಗಿ ಕಾಣುತ್ತದೆಯಲ್ಲವೆ? ಶಿಲೀಂಧ್ರವೇನೂ ಧರ್ಮಕ್ಕೆ ದುಡಿಯುವುದಿಲ್ಲ. ಅದಕ್ಕೆ ಬಿಸಿಲಿನಿಂದ ಅನ್ನ ಮಾಡಿಕೊಳ್ಳುವ ಶಕ್ತಿಯಿಲ್ಲ. ಎಲೆಯು ಮಾಡಿದ ಸಕ್ಕರೆಯಲ್ಲಿಯೂ ಕೊಬ್ಬಿನಲ್ಲಿಯೂ ಅದಕ್ಕೆ ಪಾಲು ಸಲ್ಲುತ್ತದೆ. ಬೇರು ಸಿಕ್ಕದಿದ್ದರೆ ಅದು ಬದುಕಲಾರದು.

ಇಷ್ಟಾದ ಮೇಲೆ ಆ ಉಪಾಧ್ಯಾಯರು, “ನಿಮಗೆ ಹೇಳಬೇಕಾದ ಮುಖ್ಯ ಮಾತು ಇನ್ನೂ ಇದೆ” ಎಂದು ಡ್ಯೂಕ್ ವಿಶ್ವವಿದ್ಯಾನಿಲಯದ ಒಂದು ಹುಲ್ಲುನೆಲದ ಕಥೆಯನ್ನು ಹೇಳಿದರು. ಜೇಮ್ಸ್ ಬೆವರ್ ಎಂಬವರೂ ಅವರ ಸಂಗಡಿಗರೂ 1990ರ ದಶಕದಲ್ಲಿ ಅದರ ಮಣ್ಣನ್ನು ಬಹುಕಾಲ ಶೋಧಿಸಿದರು. ಮಣ್ಣನ್ನು ನೀರಿನಲ್ಲಿ ಕಲಕಿ, ಒಂದಕ್ಕಿಂತ ಒಂದು ಸಣ್ಣ ಕಣ್ಣಿನ ಜರಡಿಗಳಲ್ಲಿ ಸೋಸಿದರೆ ಶಿಲೀಂಧ್ರದ ಬೀಜಕಗಳು ಉಳಿಯುತ್ತವೆ. 1963ರಿಂದ ಬಳಕೆಯಲ್ಲಿರುವ ಈ ಕ್ರಮ ನಮ್ಮ ಮನೆಯ ಹೆಂಗಸರು ರಾಗಿಯ ಕಲ್ಲು ತೆಗೆಯುವುದಕ್ಕಿಂತ ಬಹಳ ಬೇರೆಯಲ್ಲ. ಆ ಬೀಜಕಗಳ ಬಣ್ಣ, ಗಾತ್ರ, ಸಿಪ್ಪೆಯ ಪದರ ಇವುಗಳಿಂದ ಜಾತಿಯನ್ನು ಗೊತ್ತುಮಾಡಬಹುದು. ಹೀಗೆ ಎಣಿಸುತ್ತ ಹೋಗಿ 2001ರ ವೇಳೆಗೆ ಆ ಒಂದು ಹೆಕ್ಟೇರಿನಲ್ಲಿ ಅವರಿಗೆ ಸಿಕ್ಕಿದ ಜಾತಿಗಳು 37! ಇಡಿಯ ಭೂಮಂಡಲದಲ್ಲಿ ಆಗ ಹೆಸರು ಪಡೆದಿದ್ದ ಈ ಬಗೆಯ ಶಿಲೀಂಧ್ರಗಳು ಇನ್ನೂರಕ್ಕಿಂತ ಕಡಿಮೆ. ಆ 37ರಲ್ಲಿ ಮೂರರಲ್ಲೊಂದು ಪಾಲಿನಷ್ಟನ್ನು ಅದುವರೆಗೆ ಯಾವ ಪಂಡಿತನೂ ವರ್ಣಿಸಿರಲಿಲ್ಲ.

ಒಂದು ಹೆಕ್ಟೇರೆಂದರೆ ಸುಮಾರು 2½ ಎಕರೆ. ನಮ್ಮ ಬೇಣದಷ್ಟೇ ನೆಲ! ಈ ಲೆಕ್ಕ ಮನಸ್ಸಿಗೆ ಬಂದಾಗ ನಾವು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಅಷ್ಟು ಜಾತಿಗಳು ಅಷ್ಟು ಚಿಕ್ಕ ಜಾಗದಲ್ಲಿ ಹೇಗೆ ಬಾಳುತ್ತವೆ? ಬಲವಾದದ್ದೊಂದು ಉಳಿದವನ್ನು ತುಳಿದುಹಾಕಬೇಡವೆ? ಇದಕ್ಕೆ ಅವರು ಕಂಡುಕೊಂಡ ಉತ್ತರ ಎರಡು ಬಗೆಯದು. ಒಂದು, ಕಾಲದ ಹಂಚಿಕೆ. ಜೈಗಾಸ್ಪೋರಾ ಜೈಗಾಂಟಿಯಾ ಎಂಬುದು ಬೇಸಗೆಯೆಲ್ಲ ದುಡಿದು ಶರತ್ಕಾಲದಲ್ಲಿ ಬೀಜಕಗಳನ್ನು ತುಂಬುತ್ತದೆ. ಅಕಾಲೋಸ್ಪೋರಾ ಕೊಲೊಸಿಕಾ ಎಂಬುದು ಚಳಿಯ ದಿನಗಳು ಮುಗಿಯುವಾಗ ತುಂಬುತ್ತದೆ. ನಮ್ಮ ಈರುಳ್ಳಿ ಹಸುರಾಗಿರುವುದೂ ಚಳಿಯಲ್ಲಿಯೇ ಎಂಬುದನ್ನು ವಾಚಕರು ನೆನೆಯಬೇಕು. ಹುಲ್ಲೆಲ್ಲ ಮಲಗಿರುವಾಗ ಈರುಳ್ಳಿಯ ಮನೆಯಲ್ಲಿ ಒಲೆ ಉರಿಯುತ್ತಿರುತ್ತದೆ. ಚಳಿಯ ಅತಿಥಿಗೆ ಊಟ ಸಿಕ್ಕುತ್ತದೆ.

ಎರಡನೆಯದು, ಗಿಡಗಿಡಕ್ಕೂ ಬೇರೆ ಬೇರೆ ಪರಿವಾರ. ಈರುಳ್ಳಿಯೂ ಸೇರಿದಂತೆ ನಾಲ್ಕು ಬಗೆಯ ಗಿಡಗಳ ಬುಡವನ್ನು ಅವರು ಹೋಲಿಸಿ ನೋಡಿ 1996ರಲ್ಲಿ ಬರೆದರು. ಒಂದೊಂದರ ಬುಡದಲ್ಲಿಯೂ ಹೆಚ್ಚುವ ಶಿಲೀಂಧ್ರಗಳು ಬೇರೆ ಬೇರೆ. ಇದಕ್ಕಿಂತಲೂ ಸೋಜಿಗವಾದದ್ದು ಬೆವರ್ ಅವರು 2002ರಲ್ಲಿ ಬರೆದ ಸಂಗತಿ. ನಾವು ಹೊಟ್ಟೆ ಶುದ್ಧಿಗೆ ತೆಗೆದುಕೊಳ್ಳುವ ಇಸಬ್‌ಗೋಲಿನ ಬಳಗದ ಪ್ಲಾಂಟಾಗೋ ಎಂಬ ಗಿಡವೂ ಪ್ಯಾನಿಕಂ ಎಂಬ ಹುಲ್ಲೂ ಅಲ್ಲಿ ಅಕ್ಕಪಕ್ಕದಲ್ಲಿ ಬೆಳೆಯುತ್ತವೆ. ಪ್ಲಾಂಟಾಗೋ ತನ್ನ ಬುಡದಲ್ಲಿ ಸಾಕಿ ಬೆಳೆಸುವ ಶಿಲೀಂಧ್ರದಿಂದ ಅದಕ್ಕಿಂತ ಹೆಚ್ಚು ಲಾಭವಾಗುವುದು ನೆರೆಯ ಹುಲ್ಲಿಗೆ! ಹುಲ್ಲಿನ ಬುಡದಲ್ಲಿ ಹೆಚ್ಚುವ ಶಿಲೀಂಧ್ರವೋ ಪ್ಲಾಂಟಾಗೋವಿಗೆ ಹಿತ. ಆದ್ದರಿಂದ ಒಂದು ಇನ್ನೊಂದನ್ನು ಓಡಿಸಲಾರದು. ಹಾಗೆ ಹೊಲವು ಒಂದೇ ಗಿಡದ ಪಾಲಾಗದೆ ಉಳಿಯುತ್ತದೆ. ಮಣ್ಣಿನಲ್ಲಿ ಶಿಲೀಂಧ್ರದ ಬಗೆಗಳು ಹೆಚ್ಚಿದಂತೆ ಮೇಲಿನ ಗಿಡಗಳ ಬಗೆಗಳೂ ಹೆಚ್ಚುತ್ತವೆಂಬುದನ್ನು ಬೇರೆ ಪಂಡಿತರು 1998ರಲ್ಲಿಯೇ ಪ್ರಯೋಗದಿಂದ ತೋರಿಸಿದ್ದರು.

“ನೆಲವನ್ನು ಅಗೆದರೆ ಏನಾಗುತ್ತದೆ?” ಎಂದು ನಾವು ಕೇಳಿದೆವು. ಬೇಣದ ಸಂಗತಿಯನ್ನು ನಾವು ಅವರಿಗೆ ಹೇಳಿರಲಿಲ್ಲ.

“ನೂಲು ಹರಿಯುತ್ತದೆ. ಒರಟು ಬಾಳಿಗೆ ಒಗ್ಗಿದ ಕೆಲವು ಜಾತಿಗಳು ಬೇಗ ಚೇತರಿಸಿಕೊಳ್ಳುತ್ತವೆ. ನಾಜೂಕಿನವು ಹಿಂದೆ ಬೀಳುತ್ತವೆ. ಮೇಲೆ ರಂಜಕದ ಗೊಬ್ಬರವನ್ನು ಸುರಿದರೆ ಗಿಡಕ್ಕೆ ಗೆಳೆಯನ ಹಂಗು ತಪ್ಪಿ, ಅದು ಅವನಿಗೆ ಅನ್ನ ಹಾಕುವುದನ್ನು ಕಡಿಮೆ ಮಾಡುತ್ತದೆ. ಮಣ್ಣು ಸತ್ತುಹೋಗುವುದೆಂದು ಹೇಳಲಾರೆ, ಆದರೆ ಬಡವಾಗುತ್ತದೆ. ಹುಲ್ಲಿನ ಬೀಜವನ್ನು ಒಂದು ದಿನದಲ್ಲಿ ಬಿತ್ತಬಹುದು. ಅದರಡಿಯ ಸಂಸಾರವನ್ನು ಹಾಗೆ ಬಿತ್ತಲಾಗದು.”

ಆ ರಾತ್ರಿ ನಮಗೆ ನಿದ್ರೆ ಹತ್ತಲಿಲ್ಲ. ಮನುಸ್ಮೃತಿಯ 5ನೆಯ ಅಧ್ಯಾಯದಲ್ಲಿ ತಿನ್ನಬಾರದವುಗಳ ಪಟ್ಟಿಯುಂಟು. ಬೆಳ್ಳುಳ್ಳಿ, ಈರುಳ್ಳಿ, ನಾಯಿಕೊಡೆ ಮೂರನ್ನೂ ಅಲ್ಲಿ ಒಂದೇ ಸಾಲಿನಲ್ಲಿ ಕೂರಿಸಿದೆ. ಪಂಕ್ತಿಯಿಂದ ಹೊರಗಿಟ್ಟ ಈರುಳ್ಳಿಗೆ ನೆಲದಡಿಯಲ್ಲಿ ಶಿಲೀಂಧ್ರವೇ ನೆಂಟನಾಗಿದೆಯಲ್ಲಾ ಎಂದು ನಗೆ ಬಂದಿತು. ಮೇಘದೂತದಲ್ಲಿ ಕಾಳಿದಾಸನು ಗುಡುಗಿಗೆ ಶಿಲೀಂಧ್ರಗಳೇಳುವ ಭೂಮಿಯನ್ನು ಬಂಜೆಯಲ್ಲದ ಭೂಮಿಯೆಂದಿದ್ದಾನೆ. ಆ ಶಿಲೀಂಧ್ರವು ನಾಯಿಕೊಡೆಯೋ ಕಂದಲಿಯೆಂಬ ಗಿಡವೋ ಎಂದು ನಾವು ತರಗತಿಯಲ್ಲಿ ಚರ್ಚಿಸಿದ್ದುಂಟು. ಭೂಮಿ ಬಂಜೆಯಾಗದಿರುವುದಕ್ಕೂ ಅದಕ್ಕೂ ಏನು ಸಂಬಂಧವೆಂದು ಒಮ್ಮೆಯೂ ಯೋಚಿಸಿದ್ದಿಲ್ಲ. ಇನ್ನು ನಮ್ಮ ಪಾದಪ! ಅದು ಪಾದದಿಂದ ಕುಡಿಯುವುದು ನಿಜ. ಆದರೆ ಅದರ ಪಾದವು ಅದೊಂದರದೇ ಅಲ್ಲ.

ಇನ್ನೊಂದು ಯೋಚನೆಯೂ ಬಂದಿತು. ಈ ಈರುಳ್ಳಿ ಪರದೇಶದಿಂದ ಬಂದದ್ದು. ಅದರ ಬೇರು ಆ ಕೆಂಪು ಮಣ್ಣಿನ ಶಿಲೀಂಧ್ರಗಳಿಗೆ ಕೈಯೊಡ್ಡಿತು. ಅವು ಊರು ಯಾವುದೆಂದು ಕೇಳದೆ ಕೈಹಿಡಿದುವು. ನಮ್ಮ ಮಗಳಿಗೆ ಹೆರಿಗೆಯಾದಾಗ ನಾವು ಬರಲಾಗಿರಲಿಲ್ಲ. ಆಗ ಒಂದು ತಿಂಗಳು ದಿನವೂ ಅಡಿಗೆ ತಂದುಕೊಟ್ಟವರು ಎದುರುಮನೆಯ ಮುದುಕಿಯೆಂದು ಅವಳು ಹೇಳಿದ್ದು ಆ ಕತ್ತಲಲ್ಲಿ ನೆನಪಾಯಿತು. ಪರದೇಶದಲ್ಲಿ ಮಗಳು ಒಂಟಿಯೆಂದು ಎಂಟು ವರ್ಷ ನಾವು ಪಟ್ಟ ವ್ಯಥೆ ಅಂದು ಬಹುಮಟ್ಟಿಗೆ ಇಳಿಯಿತು.

ಯುಗಾದಿಯ ದಿನ ತಮ್ಮನಿಗೆ ದೂರವಾಣಿಯಲ್ಲಿ ಮಾತಾಡಿದೆವು. ಕಂಡದ್ದನ್ನೆಲ್ಲ ಹೇಳಿದೆವು. ಅವನು ಸಮಾಧಾನದಿಂದ ಕೇಳಿ, “ಅಣ್ಣಾ, ಕಣ್ಣಿಗೆ ಕಾಣದ ನೂಲಿನಿಂದ ಕಾಣುವ ಸಾಲ ತೀರುತ್ತದೆಯೆ?” ಎಂದನು. ಆ ಪ್ರಶ್ನೆಗೆ ಶಾಸ್ತ್ರದಲ್ಲಿ ಉತ್ತರವಿಲ್ಲ. ಮನೆಯವರೊಡನೆ ಆಲೋಚಿಸಿ, ನಿವೃತ್ತಿಯಲ್ಲಿ ಬಂದ ಹಣದಲ್ಲಿ ಉಳಿದಿದ್ದ ಒಂದು ಭಾಗವನ್ನು ಅವನ ಸಾಲಕ್ಕೆ ಕೊಡುವುದೆಂದು ನಿಶ್ಚಯಿಸಿದೆವು. ಕೆಳಗಿನ ಹಳ್ಳಕ್ಕೆ ತಗಲಿದ ಅರ್ಧ ಎಕರೆಯಲ್ಲಿ ಅವನು ಅಡಕೆಯಿಡತಕ್ಕದ್ದು. ಮೇಲಿನ 2 ಎಕರೆಗೆ ಯಂತ್ರ ಹತ್ತಿಸಬಾರದು. ಅವನು ಒಪ್ಪಿದನು, ಆದರೆ ಸಂತೋಷದಿಂದಲ್ಲ. ಅಣ್ಣನಿಗೆ ಪರದೇಶದ ಗಾಳಿ ತಗಲಿತೆಂದು ಇಂದಿಗೂ ಅವನ ಅಭಿಪ್ರಾಯ. ನಾವು ಅದನ್ನು ತಪ್ಪೆಂದು ಹೇಳಲಾರೆವು.

ಊರಿಗೆ ಮರಳಿದ ಮೇಲೆ ತಿಳಿದುಕೊಂಡೆವು: ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಿ. ಜೆ. ಭಾಗ್ಯರಾಜ್ ಅವರು ಹತ್ತಾರು ವರ್ಷ ಈ ಶಿಲೀಂಧ್ರಗಳನ್ನೇ ವ್ಯಾಸಂಗ ಮಾಡಿ ಶಿಷ್ಯರನ್ನು ತಯಾರಿಸಿದ್ದಾರೆ. ನಮ್ಮ ನಾಡಿನಲ್ಲಿಯೇ ಇದ್ದ ವಿದ್ಯೆಯನ್ನು ನಾವು ಕಡಲಾಚೆ ಹೋಗಿ ಕೇಳಬೇಕಾಯಿತು! ತೋಟದ ಸಸಿಗಳಿಗೂ ಈ ಸಖ್ಯ ಬೇಕೆಂದು ತಮ್ಮನಿಗೆ ಹೇಳಿ, ಅಡಕೆಯ ಗುಂಡಿಗೆ ಬೇಣದ ಮಣ್ಣನ್ನು ಒಂದೊಂದು ಹಿಡಿ ಹಾಕಿಸಿದೆವು. ಅದಕ್ಕೆ ಅವನು ಅಡ್ಡಿ ಹೇಳಲಿಲ್ಲ.

ಮೊದಲ ಮಳೆ ಬಿದ್ದ ಸಂಜೆ ನಾವು ಬೇಣಕ್ಕೆ ಹೋಗಿದ್ದೆವು. ಹುಲ್ಲು ಬೆರಳುದ್ದ ಎದ್ದಿತ್ತು. ಅದರಡಿಯಲ್ಲಿ ಎಷ್ಟು ಬಗೆಯ ನೂಲುಗಳಿವೆಯೋ, ಯಾರೂ ಎಣಿಸಿದವರಿಲ್ಲ. ಚಿಕ್ಕಂದಿನಿಂದ ಆ ನೆಲದ ಮೇಲೆ ಚಪ್ಪಲಿ ಮೆಟ್ಟಿಕೊಂಡೇ ತಿರುಗಾಡಿದವರು ನಾವು. ಅಂದು ಮಾತ್ರ ಬೇಲಿಯ ಬಳಿ ಅವನ್ನು ಕಳಚಿಟ್ಟು ಒಳಗೆ ಹೋದೆವು.